ಒಂದೂವರೆ ಮಿಲಿಮೀಟರ್

ಬೆಳಗಿನ ಮೂಗನ್ನು ನಂಬಬಾರದೆಂದು ಬರ್ತಾಳಿಗೆ ಗೊತ್ತಿತ್ತು. ರಾತ್ರಿಯಿಡೀ ಮಲಗಿದ ಮುಖದಲ್ಲಿ ನೀರು ನಿಂತಿರುತ್ತದೆ, ಅದು ಇಳಿಯುವುದಕ್ಕೆ ಎರಡು ಮೂರು ಗಂಟೆ ಬೇಕು. ನೋಡುವುದಿದ್ದರೆ ದಿನವೂ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ನೋಡಬೇಕು, ಇಲ್ಲವಾದರೆ ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಕೆ ಮಾಡುವುದರಲ್ಲಿ ಅರ್ಥವಿಲ್ಲ. ಉಡುಪಿಯ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಏಳು ವರ್ಷಗಳಿಂದ ಹುಡುಗಿಯರಿಗೆ ಇಂಥದನ್ನೇ ಹೇಳಿಕೊಂಡು ಬಂದವಳು ಅವಳು. ಆದರೂ ಎದ್ದ ಕೂಡಲೇ ಕೈ ದೀಪದ ಸ್ವಿಚ್ಚಿಗೆ ಹೋಯಿತು. ಕನ್ನಡಿಯ ಮೇಲಿನ ಮೊಳೆಯಿಂದ ಗಾಜಿಗೆ ತಾಗಿದಂತೆ ಒಂದು ದಾರ ಇಳಿಬಿಟ್ಟಿತ್ತು, ಅದರ ತುದಿಯಲ್ಲಿ ಇಪ್ಪತ್ತು ಗ್ರಾಮಿನ ಹಿತ್ತಾಳೆಯ ತೂಕ. ತೂಕ ಅಲ್ಲಾಡುವುದು ನಿಲ್ಲುವವರೆಗೆ ಕಾದು, ಹುಬ್ಬುಗಳ ನಡುವೂ ಗಲ್ಲದ ನಡುವೂ ದಾರದ ಮೇಲೆ ಬರುವಂತೆ ತಲೆಯನ್ನು ಹಿಡಿದಳು. ಮೂಗಿನ ಬೆನ್ನು ಮಾತ್ರ ದಾರವನ್ನು ಬಿಟ್ಟು ಬಲಕ್ಕೆ ಹೊರಟು, ಸ್ವಲ್ಪ ದೂರ ಹಾಗೆಯೇ ಇಳಿದು, ತುದಿಯ ಹತ್ತಿರ ಮತ್ತೆ ದಾರಕ್ಕೆ ಬಂದು ಸೇರುತ್ತಿತ್ತು. ಬಲಗಣ್ಣಿನಿಂದ ನೋಡಿದರೆ ಒಂದು ಅಳತೆ, ಎಡಗಣ್ಣಿನಿಂದ ಇನ್ನೊಂದು. ಎರಡರ ಸರಾಸರಿ ಅವಳಿಗೆ ಬಾಯಿಪಾಠವಾಗಿತ್ತು. ಇವತ್ತು ಮಣಿಪಾಲದಲ್ಲಿ ಡಾಕ್ಟರ್ ನಾವಡರು ಅದನ್ನು ಅಳೆಯುತ್ತಾರೆ. ಮೂಳೆ ಪೂರ್ತಿ ಕೂಡಿಕೊಂಡಿದೆಯೇ ಇಲ್ಲವೇ ಎಂದು ಹೇಳುತ್ತಾರೆ. ಯಾವ ಉತ್ತರ ಬಂದರೆ ತನಗೆ ಸಮಾಧಾನವಾದೀತು ಎಂದು ಕೇಳಿಕೊಂಡಳು. ಕಿಟಕಿಯ ಹೊರಗೆ, ಮಲ್ಲಿಗೆ ಗಿಡಗಳ ಸಾಲಿನಲ್ಲಿ, ಅಪ್ಪನ ಕೆಮ್ಮು ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಸರಿಯುತ್ತಿತ್ತು.

"ಬಾಯೆ, ಚಹಾ ಆರಿ ಹೋಗ್ತದೆ," ಎಂದಳು ತಾಯಿ ಸಿಸಿಲಿಯಾ, ಬಾಗಿಲಲ್ಲಿ ನಿಂತು. "ಆ ಕನ್ನಡಿಯಲ್ಲಿ ಎಂತ ಉಂಟು?"

"ಎಂತ ಇಲ್ಲ, ಮಾಯ್."

"ಇಲ್ಲದ್ದನ್ನು ನೋಡ್ಲಿಕ್ಕೆ ಅರ್ಧ ಗಂಟೆ ಬೇಕಾ?" ಸಿಸಿಲಿಯಾ ಕಿಟಕಿಯ ಹೊರಗೆ ನೋಡಿದಳು. "ಪಪ್ಪ ಕೇಳಿದರು, ಮಣಿಪಾಲಕ್ಕೆ ಒಟ್ಟಿಗೆ ಬರಬೇಕಾ ಅಂತ."

"ಬೇಡ."

"ನೀನೇ ಹೇಳು ಅವರಿಗೆ. ಅಲ್ಲೇ ಇದ್ದಾರೆ, ಹತ್ತು ಹೆಜ್ಜೆ."

"ಅವರೇ ಬಂದು ಕೇಳಲಿ."

"ಒಳ್ಳೆಯದಾಯಿತು. ನಾನು ಈ ಮನೆಯಲ್ಲಿ ಪೋಸ್ಟ್ ಡಬ್ಬ," ಎಂದು ಸಿಸಿಲಿಯಾ ಒಳಗೆ ಹೋದಳು.

ಉಡುಪಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಸೀಟಿನ ಕೆಳಗೆ ಬಾಳೆಎಲೆಯಲ್ಲಿ ಸುತ್ತಿದ ಹೂವಿನ ಕಟ್ಟುಗಳಿದ್ದವು. ಶಂಕರಪುರದಿಂದ ಬೆಳಿಗ್ಗೆ ಹೊರಡುವ ಯಾವ ಬಸ್ಸಿನಲ್ಲೂ ಕಾಲಿಡುವುದಕ್ಕೆ ಜಾಗವಿರುವುದಿಲ್ಲ. ಫೆಬ್ರವರಿಯಲ್ಲಿ ಮೂಗಿನ ಆಪರೇಷನ್ ಆದ ಮೇಲೆ ಏಳು ವಾರ ಅವಳಿಗೆ ಯಾವ ವಾಸನೆಯೂ ಇರಲಿಲ್ಲ. ಎಂಟನೆಯ ವಾರ ಮೊದಲು ಮರಳಿ ಬಂದದ್ದು ಸೀಮೆಎಣ್ಣೆ, ಆಮೇಲೆ ಒಣಮೀನು, ಎಲ್ಲಕ್ಕಿಂತ ಕೊನೆಗೆ ಮಲ್ಲಿಗೆ, ಬಾರದೆ ಇದ್ದಿದ್ದರೂ ಆಗುತ್ತಿತ್ತು ಎನ್ನಿಸುವಷ್ಟು ದಟ್ಟವಾಗಿ. ಬಿಸಿಲೇರುವ ಮುಂಚೆ ಮೊಗ್ಗು ಕೊಯ್ದು, ಕಟ್ಟಿ, ಕಳಿಸಿಬಿಡಬೇಕು. ಅರಳಿದ್ದು ಯಾರಿಗೂ ಬೇಡ. ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎಂಟು ದಿನ ಇತ್ತು, ಅರವತ್ತೇಳನೆಯ ಇಸವಿಯ ಮಾರ್ಚ್. ಇನ್ನೂ ಕತ್ತಲಿರುವಾಗಲೇ ಅಪ್ಪ ಹೂ ಕೊಯ್ಯಲು ಮೂರು ಸಲ ಕರೆದಿದ್ದ. ಮೂರನೆಯ ಸಲ ಕೋಣೆಯ ಬಾಗಿಲಿಗೇ ಬಂದಾಗ ಅವಳು ಪುಸ್ತಕದಿಂದ ತಲೆ ಎತ್ತದೆ, "ನಿಮ್ಮ ಹೂ ನೀವೇ ಕೊಯ್ಯಿರಿ, ನಾನೆಂತ ನಿಮ್ಮ ಕೂಲಿಯವಳಾ?" ಎಂದಿದ್ದಳು. ಆ ಮಾತು ಆಡಿದವಳ ಮೇಲೆ ಈಗಲೂ ಅವಳಿಗೆ ಸಿಟ್ಟಿರಲಿಲ್ಲ, ಅದು ನಿಜವಾದ ಪ್ರಶ್ನೆಯೇ ಆಗಿತ್ತು. ಅವಳು ಎದ್ದು ನಿಂತಳು. ಅಪ್ಪನ ಬಲಗೈ ಬಂತು, ಕೈಯಲ್ಲಿ ಮೂರು ಸೆಲ್ಲಿನ ಟಾರ್ಚಿತ್ತು. ಶಬ್ದ ಹೊರಗಿನಿಂದ ಬರಲಿಲ್ಲ, ತಲೆಯ ಒಳಗೆ, ಒಣ ಕಡ್ಡಿ ಮುರಿದ ಹಾಗೆ. ಟಾರ್ಚು ಕೆಳಗೆ ಬಿದ್ದು ಉರುಳಿತು, ಆರಲಿಲ್ಲ. ಅದರ ಬೆಳಕು ಗೋಡೆಯ ಬುಡದಲ್ಲಿ ಒಂದು ಹಲ್ಲಿಯನ್ನು ತೋರಿಸುತ್ತಾ ನಿಂತಿತ್ತು. ಕಟಪಾಡಿಯ ಡಾಕ್ಟರರು ಕೇಳಿದಾಗ ತಾಯಿ "ಬಾವಿಕಟ್ಟೆಯಲ್ಲಿ ಜಾರಿದ್ದು" ಎಂದಳು. ಬಾಯಿಯ ತುಂಬ ರಕ್ತದ ರುಚಿಯಿದ್ದ ಬರ್ತಾ ತಲೆಯಾಡಿಸಿದಳು. ಅಪ್ಪ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಇಗರ್ಜಿಯಲ್ಲಿ, ಎಂದರೆ ಊರಿನ ಚರ್ಚಿನಲ್ಲಿ, ವಾರ್ಡಿನ ಮುಖಂಡ, ಗುರ್ಕಾರನಾಗಿದ್ದವನು, ಗಂಡ ಹೆಂಡಿರ ಜಗಳ, ಗಡಿಯ ಜಗಳ ಎಲ್ಲಕ್ಕೂ ಜನ ಕರೆದು ಕೂರಿಸುತ್ತಿದ್ದವನು, ರೊಸಾರಿಯೊ. ಕೈಯಲ್ಲಿ ಟಾರ್ಚ್ ಇದೆಯೆಂಬುದು ಆ ಕ್ಷಣ ಅವನಿಗೆ ನೆನಪಿರಲಿಲ್ಲ ಎಂದು ಅವಳು ನಂಬಿದ್ದಳು. ಬರಿಗೈ ಎಂದುಕೊಂಡೇ ಬೀಸಿದ್ದು. ಹದಿನೈದು ವರ್ಷಗಳಲ್ಲಿ ಅವಳು ಅವನಿಗೆ ಬಿಟ್ಟುಕೊಟ್ಟದ್ದು ಅದೊಂದನ್ನೇ. ಅದಕ್ಕೆ ಪ್ರತಿಯಾಗಿ ಅವಳಿಗೆ ಬೇಕಾಗಿದ್ದದ್ದೂ ಒಂದೇ, ಒಮ್ಮೆ, ಯಾರೂ ಇಲ್ಲದಾಗಲಾದರೂ ಸರಿ, 'ನಾನು ಹೊಡೆದೆ' ಎಂದು ಅವನು ಬಾಯಿ ಬಿಟ್ಟು ಹೇಳುವುದು.

ಅವನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಕೇಳದೆ ಕೇಳುವ ಒಂದು ದಾರಿಯನ್ನು ಆ ವಯಸ್ಸಿಗೇ ಕಂಡುಕೊಂಡಳು. ದಿನವೂ ಸಂಜೆ ಏಳು ಗಂಟೆಗೆ ಮನೆಯವರೆಲ್ಲ ದೇವರ ಪಟದ ಮುಂದೆ ಮೊಣಕಾಲೂರಿ ತೇರ್ಸು, ಎಂದರೆ ಜಪಸರ ಹೇಳುವುದು. ಅದು ಮುಗಿದ ಮೇಲೆ ಕಿರಿಯರು ಕೈ ಮುಗಿದು ಹಿರಿಯರಲ್ಲಿ ಬೆಸಾಂವ್ ಕೇಳುವುದು, ಹಿರಿಯರು 'ದೇವ್ ಬೆಸಾಂವ್ ದಿಂವ್' ಎಂದು ಆಶೀರ್ವಾದ ಕೊಡುವುದು. ಸಿಟ್ಟು ಬಂದ ಮಕ್ಕಳು ಎಲ್ಲ ಮನೆಗಳಲ್ಲೂ ಬೆಸಾಂವ್ ಕೇಳದೆ ಎದ್ದು ಹೋಗುತ್ತಾರೆ. ಬರ್ತಾ ಒಂದು ದಿನವೂ ತಪ್ಪಿಸಲಿಲ್ಲ. ಅಗತ್ಯಕ್ಕಿಂತ ಒಂದು ಹೆಜ್ಜೆ ಹತ್ತಿರ ಹೋಗಿ, ಪಟದ ದೀಪದ ಬೆಳಕು ಮುಖದ ಮೇಲೆ ಓರೆಯಾಗಿ ಬೀಳುವಂತೆ ನಿಂತು, ಕೇಳುತ್ತಿದ್ದಳು. ಓರೆ ಬೆಳಕಿನಲ್ಲಿ ಮೂಗಿನ ನೆರಳು ಒಂದು ಕೆನ್ನೆಯನ್ನು ಪೂರ್ತಿ ನುಂಗುತ್ತಿತ್ತು. ಅಪ್ಪ ಅವಳ ತಲೆಯ ಮೇಲಿನಿಂದ ಪಟವನ್ನು ನೋಡುತ್ತಾ ಆ ಮೂರು ಶಬ್ದ ಹೇಳುತ್ತಿದ್ದ. ಗುರ್ಕಾರಿಕೆ ಬಿಟ್ಟ. ರಾಜಿಗೆ ಕರೆಯಲು ಬಂದವರನ್ನು ಆರೋಗ್ಯ ಸರಿಯಿಲ್ಲವೆಂದು ಕಳಿಸಿದ. ಅವಳ ಎದುರು ಊಟಕ್ಕೆ ಕೂರುವುದನ್ನು ಬಿಟ್ಟ. ಇದೆಲ್ಲವನ್ನೂ ಅವಳು ಒಂದು ಬಗೆಯ ಉತ್ತರವೆಂದು ತೆಗೆದುಕೊಂಡಿದ್ದಳು.

"ಓ ಬರ್ತಾಬಾಯಿ! ಸ್ವಲ್ಪ ಆಚೆ ಸರಿ ಮಾರಾಯ್ತಿ," ಎಂದು ಕಟಪಾಡಿಯಲ್ಲಿ ಹತ್ತಿದ ಸಾರಮ್ಮ ಪಕ್ಕದಲ್ಲಿ ಕುಳಿತಳು. ಅವಳ ಗಂಡ ಮೂಸಾ ಕಾಪುವಿನವನು, ಬರ್ತಾಳ ಮನೆಯ ಹೂವನ್ನು ಇಪ್ಪತ್ತು ವರ್ಷಗಳಿಂದ ಕೊಳ್ಳುತ್ತಿದ್ದವನು. ಸಾರಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಬರ್ತಾಳ ಮುಖವನ್ನು ಅಂಗಡಿಯಲ್ಲಿ ಪಾತ್ರೆ ನೋಡಿದ ಹಾಗೆ ಈ ಕಡೆಯಿಂದ ಆ ಕಡೆಯಿಂದ ನೋಡಿದಳು.

"ಬಾವು ಇಳಿದಿದೆ. ಬೇಸಿಗೆಯಲ್ಲಿ ನೋಡಿದಾಗ ಜೇನು ಕಚ್ಚಿದ ಹಾಗೆ ಇತ್ತು, ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಬೇಸರ ಮಾಡಬೇಡ, ಆಯ್ತಾ?"

"ಇಲ್ಲ."

"ಆದರೂ ಒಂದು ಮಾತು. ಮೊದಲಿನ ಮೂಗು ನೋಡಿದರೆ ಇದು ರೊಸಾರಿಯೊ ಬಾಬರ ಮಗಳು ಅಂತ ದೂರದಿಂದ ಗೊತ್ತಾಗ್ತಿತ್ತು. ಈಗ ಯಾರದ್ದೋ ಮೂಗು. ಒಂದು ನತ್ತು ಹಾಕಿಬಿಡು, ಜನ ನತ್ತನ್ನೇ ನೋಡ್ತಾರೆ."

"ನಾವು ನತ್ತು ಹಾಕುವುದಿಲ್ಲ ಸಾರಮ್ಮ."

"ಗೊತ್ತುಂಟು. ನಿಮ್ಮಲ್ಲಿ ಮೂಗು ಕೊಯ್ಯಲಿಕ್ಕೆ ಆಗ್ತದೆ, ಚುಚ್ಚಲಿಕ್ಕೆ ಆಗುವುದಿಲ್ಲ," ಎಂದು ಸಾರಮ್ಮ ತಾನೇ ನಕ್ಕಳು. ಮುಂದಿನ ಸೀಟಿನವರು ಯಾರೋ ತಿರುಗಿ ನೋಡಿದರು. "ಅಲ್ಲ, ನಿನ್ನ ಅಪ್ಪನಿಗೆ ಎಂತಾಗಿದೆ? ಮಾರ್ಚಿನಲ್ಲಿ ನಮ್ಮವರ ಹತ್ತಿರ ಗಂಟೆಗಟ್ಟಲೆ ಮಾತಾಡ್ತಿದ್ದರಂತೆ, ಮಗಳ ಮೂಗು ಹೀಗಾಯಿತು, ಹಾಗಾಯಿತು ಅಂತ. ಈಗ ಹೂ ಕೊಟ್ಟು ಮುಖ ತಿರುಗಿಸಿ ಹೋಗ್ತಾರಂತೆ. ನಮ್ಮವರಿಗೆ ಚಿಂತೆ, ತೂಕದಲ್ಲಿ ಎಂತಾದರೂ ಹೇಳಿದೆನಾ ಅಂತ."

ಬರ್ತಾ ಕಿಟಕಿಯ ಹೊರಗೆ ನೋಡಿದಳು. ಸಾರಮ್ಮನಿಗೆ ವಾಲಿದ್ದು ಕಂಡಿರಲಿಲ್ಲ. ಇಷ್ಟು ಹತ್ತಿರದಿಂದ, ಹಗಲಿನ ಬೆಳಕಿನಲ್ಲಿ, ಇಷ್ಟು ನಿರ್ದಾಕ್ಷಿಣ್ಯವಾದ ಕಣ್ಣಿಗೂ ಕಂಡಿರಲಿಲ್ಲ. ಇದರಿಂದ ಸಂತೋಷವಾಗಬೇಕಿತ್ತು. ಬದಲಾಗಿ ಯಾರೋ ತನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು ಏನೂ ಅರ್ಥವಾಗದೆ ಎದ್ದು ಹೋದಂತೆ ಅನ್ನಿಸಿತು.

ಆಸ್ಪತ್ರೆಯ ಉದ್ದನೆಯ ಜಗಲಿಯಲ್ಲಿ ಅವಳ ನಂಬರು ಹದಿನೇಳು. ಎದುರಿನ ಬೆಂಚಿನಲ್ಲಿ ಮೂಗಿನ ಮೇಲೆ ಪ್ಲಾಸ್ಟರ್ ಹಾಕಿಕೊಂಡ ಒಬ್ಬ ಹುಡುಗಿ ಕುಳಿತಿದ್ದಳು, ಕಣ್ಣಿನ ಸುತ್ತ ಇನ್ನೂ ನೇರಳೆ ಬಣ್ಣ. ಆರನೆಯ ದಿನ, ಹೆಚ್ಚೆಂದರೆ ಏಳನೆಯದು, ಎಂದು ಬರ್ತಾ ಎಣಿಸಿದಳು. ನೇರಳೆ ಹಸಿರಾಗುವುದು ಎಂಟರಿಂದ, ಹಸಿರು ಹಳದಿಯಾಗಿ ಕೆನ್ನೆಗೆ ಇಳಿಯುವುದು ಹನ್ನೊಂದರಿಂದ. ತನ್ನ ಪ್ಲಾಸ್ಟರ್ ತೆಗೆದದ್ದು ಹತ್ತನೆಯ ದಿನ, ಫೆಬ್ರವರಿ ಹದಿನೆಂಟು. ನರ್ಸ್ ಕೈಗೆ ಕೊಟ್ಟ ಸಣ್ಣ ಕನ್ನಡಿಯಲ್ಲಿ ಕಂಡದ್ದು ಮೂಗಾಗಿರಲಿಲ್ಲ, ಮೂಗಿನ ಜಾಗದಲ್ಲಿ ಯಾರೋ ಅಂಟಿಸಿದ ಹಿಟ್ಟಿನ ಉಂಡೆ. ಅಗಲವಾಗಿ, ಎಣ್ಣೆಣ್ಣೆಯಾಗಿ, ತುದಿ ಮೇಲಕ್ಕೆ ಎತ್ತಿಕೊಂಡು, ಎರಡೂ ಹೊಳ್ಳೆಗಳು ಎದುರಿನವರನ್ನು ದಿಟ್ಟಿಸುತ್ತಿದ್ದವು. ಆದರೆ ನೆಟ್ಟಗಿತ್ತು. ಬಾವು ಇರುವಾಗ ಎಲ್ಲವೂ ನೆಟ್ಟಗೇ ಕಾಣುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಪ್ಪನ ಕಣ್ಣಿನಲ್ಲಿ ನೀರು ಬಂತು. ಡಾಕ್ಟರ್ ನಾವಡರು ಅವಳ ಹೆಬ್ಬೆರಳನ್ನು ಹಿಡಿದು ಮೂಗಿನ ಬಲಗಡೆ, ಮೂಳೆಯ ಮೇಲೆ ಇಟ್ಟು ತೋರಿಸಿದರು. "ಹೀಗೆ ಎಡಕ್ಕೆ ಒತ್ತಿ, ಹತ್ತು ಎಣಿಸಿ. ದಿನಕ್ಕೆ ಇಪ್ಪತ್ತು ಸಲ, ಎರಡು ತಿಂಗಳು. ಹದಿನೈದು ವರ್ಷ ವಾಲಿ ನಿಂತ ಮೂಳೆ, ಬಿಟ್ಟರೆ ಹಳೆಯ ಜಾಗಕ್ಕೇ ಹೋಗ್ತದೆ. ನಾವು ಬಿಡಬಾರದು."

ಅವಳು ಒತ್ತಿದಳು. ನೋಟುಬುಕ್ಕಿನಲ್ಲಿ ಇಪ್ಪತ್ತು ಗೀಟು ಎಳೆದು ಒಂದೊಂದನ್ನೇ ಹೊಡೆದುಹಾಕುತ್ತಾ ಒತ್ತಿದಳು. ಕನ್ನಡಕದ ಭಾರ ಮೂಗಿನ ಮೇಲೆ ಬೀಳಬಾರದೆಂದು ಅದನ್ನು ಪಟ್ಟಿಯಿಂದ ಹಣೆಗೆ ಅಂಟಿಸಿಕೊಂಡು ಪ್ರಯೋಗಾಲಯಕ್ಕೆ ಹೋದಳು. ಅಟೆಂಡರ್ ಕಿಟ್ಟ "ಮೇಡಂ, ಸ್ಟೂಲು ಹಾಕಿ ಅದನ್ನು ಸೂರಿಗೇ ನೇತು ಹಾಕಲಾ?" ಎಂದ; ಹುಡುಗಿಯರು ಕ್ಯಾಲಿಪರ್ಸಿನ ಮೇಲೆ ಬಗ್ಗಿ ನಕ್ಕರು. ಅವಳೂ ನಗಲು ಹೋದಳು, ಮೇಲಿನ ತುಟಿ ಏಳಲಿಲ್ಲ, ಮರದ ತುಟಿಯಂತೆ ಅಲ್ಲೇ ನಿಂತಿತು. ಮೂಗಿನ ತುದಿ ರಬ್ಬರಿನಂತೆ ಗಟ್ಟಿ, ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಸೀನು ಬಂದರೆ ಪ್ರಾಣ ಹೋಗುತ್ತಿತ್ತು. ಮೂರನೆಯ ವಾರ ಕಣ್ಣುಗಳ ನಡುವಿನ ಬಾವು ಇಳಿದು ಅಲ್ಲಿ ಒಂದು ಸಣ್ಣ ಕಣಿವೆ ಕಂಡಿತು. ಮುಖ ಯಾವುದೋ ದೂರದಿಂದ ತನ್ನ ಕಡೆಗೆ ನಡೆದು ಬರುತ್ತಿದೆ ಎಂದು ಮೊದಲ ಸಲ ಅನ್ನಿಸಿತು. ಇದೆಲ್ಲದರ ನಡುವೆ ಅಪ್ಪ ಬದಲಾಗುತ್ತಿದ್ದ. ಅವನದನ್ನು ಅವಳು ನೋಟುಬುಕ್ಕಿನಲ್ಲಿ ಬರೆದಿರಲಿಲ್ಲ, ಆದರೆ ಆ ಬದಲಾವಣೆ ಇನ್ನೂ ವೇಗವಾಗಿತ್ತು. ಬೆಸಾಂವ್ ಕೊಡುವಾಗ ಪಟವನ್ನು ಬಿಟ್ಟು ಅವಳ ಮುಖ ನೋಡಿದ. ಅವಳ ಎದುರು ಊಟಕ್ಕೆ ಕುಳಿತ. ಮೀನಿನ ಒಳ್ಳೆಯ ತುಂಡನ್ನು ಅವಳ ಬಟ್ಟಲಿಗೆ ಹಾಕಿದ. ಬಾವಿಯಿಂದ ನೀರು ಸೇದುವಾಗ ಏನೋ ಗುನುಗಿದ. ಆಪರೇಷನ್ ಮಾಡಿಸುವ ಎಂದು ಮೊದಲು ಹೇಳಿದವನೂ ಅವನೇ, ಹದಿನೈದು ವರ್ಷಗಳಲ್ಲಿ ಆ ಮೂಗಿನ ಬಗ್ಗೆ ಅವನು ಆಡಿದ ಮೊದಲ ಮಾತು ಅದು. ಉಸಿರು ಕಟ್ಟುತ್ತದೆ, ತಲೆನೋವು ಬರುತ್ತದೆ ಎಂದು ಅವಳೂ ಒಪ್ಪಿದ್ದಳು. ಒಪ್ಪುವಾಗ ಕೊಟ್ಟುಬಿಡುತ್ತಿರುವುದು ಏನನ್ನು ಎಂದು ಯೋಚಿಸಿರಲಿಲ್ಲ.

ಮಾರ್ಚ್ ಹದಿನಾಲ್ಕು, ಭಾನುವಾರ, ಕಾರ್ಕಳದಿಂದ ತಾಯಿಯ ಅಣ್ಣ ವ್ಯಾಲೆಂಟೈನ್ ನೋಡಿಕೊಂಡು ಹೋಗಲು ಬಂದಿದ್ದ. ಬರ್ತಾ ಒಳಗಿನ ಕೋಣೆಯಲ್ಲಿ ಆ ದಿನದ ಒಂಬತ್ತನೆಯ ಸಲ ಒತ್ತುತ್ತಿದ್ದಳು. ಜಗಲಿಯಲ್ಲಿ ಅಪ್ಪನ ದನಿ, ಹಳೆಯ ಗುರ್ಕಾರನ ದನಿ, ಕೇಳುವವರನ್ನು ಕೂರಿಸಿ ಹೇಳುವ ದನಿ: "ಎರಡನೆಯ ಮೆಟ್ಟಿಲು, ವ್ಯಾಲೆಂಟೈನ್. ಪಾಚಿ ಅಂದರೆ ಇಷ್ಟು ದಪ್ಪ. ಕೊಡ ಒಂದು ಕಡೆ, ಹುಡುಗಿ ಒಂದು ಕಡೆ. ನಾನೇ ಎತ್ತಿಕೊಂಡು ಕಟಪಾಡಿಗೆ ಓಡಿದ್ದು, ನೋಡು, ಈ ಕೈಯಲ್ಲಿ."

"ಅಯ್ಯೋ ದೇವರೇ," ಎಂದ ವ್ಯಾಲೆಂಟೈನ್. "ಕಣ್ಣಿಗೆ ಆಗದೆ ಹೋದದ್ದು ಪುಣ್ಯ."

"ಅದನ್ನೇ ನಾನು ಹೇಳುವುದು."

ಮಾರ್ಚ್ ತಿಂಗಳಿನಲ್ಲಿ ಬಾವಿಕಟ್ಟೆಗೆ ಪಾಚಿ ಎಲ್ಲಿಂದ ಬರಬೇಕು? ಬರ್ತಾ ಮೊದಲು ಯೋಚಿಸಿದ್ದು ಇದನ್ನು. ಸುಳ್ಳನ್ನು ಮೂವರೂ ಸೇರಿ ಹೇಳಿದ್ದರು, ಆದರೆ ಅದು ಎರಡು ಶಬ್ದದ, ಮೂಳೆಯಂಥ ಸುಳ್ಳಾಗಿತ್ತು. ಅದಕ್ಕೆ ಅಪ್ಪ ಈಗ ಮಾಂಸ ತುಂಬುತ್ತಿದ್ದ, ಚರ್ಮ ಹೊದಿಸುತ್ತಿದ್ದ. ದನಿಯಲ್ಲಿ ಅಳುಕಿರಲಿಲ್ಲ. ಅವನು ನಂಬಲು ಶುರುಮಾಡಿದ್ದ. ನೆಟ್ಟಗಾದ ಮೂಗನ್ನು ದಿನವೂ ನೋಡುತ್ತಾ, ಇನ್ನು ಒಂದು ವರ್ಷದಲ್ಲಿ, ಅವನ ಪಾಲಿಗೆ ಆ ಮಾರ್ಚ್ ತಿಂಗಳ ಬೆಳಗಿನಲ್ಲಿ ಬಾವಿ ಮಾತ್ರ ಉಳಿಯುತ್ತದೆ, ಟಾರ್ಚು ಉಳಿಯುವುದಿಲ್ಲ. ಅವಳು ಹೆಬ್ಬೆರಳನ್ನು ತೆಗೆದಳು. ಒಂಬತ್ತನೆಯ ಗೀಟನ್ನು ಹೊಡೆದುಹಾಕದೆ ಪುಸ್ತಕ ಮುಚ್ಚಿದಳು. ಅದಾದ ಮೇಲೆ ಒಂದು ಸಲವೂ ಒತ್ತಲಿಲ್ಲ.

ಆಮೇಲಿನದು ನೋಡುವ ಕೆಲಸ ಮಾತ್ರ. ಏಪ್ರಿಲಿನಲ್ಲಿ ಏನೂ ಕಾಣಲಿಲ್ಲ. ಮೇ ತಿಂಗಳಲ್ಲಿ ಬಾವು ಒಂದು ಬದಿಯಿಂದ ಹೆಚ್ಚು ಇಳಿದು, ಮೂಗಿನ ಬೆನ್ನಿನ ಮೇಲೆ ಬೆಳಕಿನ ಗೆರೆ ಸ್ವಲ್ಪ ಬಾಗಿತು. ಜೂನಿನಲ್ಲಿ ದಾರ ಕಟ್ಟಿದಳು. ತುದಿ ದಿನೇದಿನೇ ಕೆಳಗಿಳಿದು ಸಣ್ಣದಾಗುತ್ತಾ ಚೆಂದವಾಗುತ್ತಿತ್ತು, ಸಹೋದ್ಯೋಗಿಗಳು ಹೊಗಳುತ್ತಿದ್ದರು. ಅದೇ ಹೊತ್ತಿಗೆ, ಅದೇ ಮುಖದಲ್ಲಿ, ಮೂಳೆ ಯಾರಿಗೂ ಹೇಳದೆ ಹಳೆಯ ಜಾಗದ ಕಡೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೋಗುತ್ತಿತ್ತು. ಅವಳಿಗೆ ಭಯವಾಗುತ್ತಿತ್ತು. ಮೈಯೊಳಗಿನ ಒಂದು ಮೂಳೆಗೆ ತನ್ನ ಮನಸ್ಸು ಗೊತ್ತಾದಂತೆ ಭಯ. ಅಪ್ಪನ ಗುನುಗುವಿಕೆ ಯಾವಾಗ ನಿಂತಿತೆಂದು ಅವಳು ಗಮನಿಸಿರಲಿಲ್ಲ. ಅವನು ಮತ್ತೆ ತನ್ನ ಮುಖ ನೋಡದಾದಾಗ, ಕಣ್ಣಿನ ಪೊರೆ ಬರುತ್ತಿದೆ, ವಯಸ್ಸು, ಎಂದು ತಾಯಿ ಹೇಳಿದ್ದನ್ನು ಒಪ್ಪಿಕೊಂಡಿದ್ದಳು.

"ಹದಿನೇಳು," ಎಂದು ನರ್ಸ್ ಕೂಗಿದಳು.

ಡಾಕ್ಟರ್ ನಾವಡರು ಮೇಜಿನ ಮೇಲೆ ಫೋಟೊಗಳನ್ನು ಇಸ್ಪೀಟಿನಂತೆ ಹರಡಿದ್ದರು. ಎದುರಿನಿಂದ, ಎರಡೂ ಬದಿಗಳಿಂದ, ಕೆಳಗಿನಿಂದ. ಆಪರೇಷನ್ನಿನ ಹಿಂದಿನ ದಿನ, ಎರಡನೆಯ ವಾರ, ಆರನೆಯ ವಾರ, ಮೂರನೆಯ ತಿಂಗಳು, ಆರನೆಯ ತಿಂಗಳು. ಪ್ರತಿಯೊಂದರಲ್ಲೂ ಒಬ್ಬೊಬ್ಬಳು ಬೇರೆ ಹೆಂಗಸು, ಪ್ರತಿಯೊಬ್ಬಳೂ ಕಳವು ಮಾಡಿ ಸಿಕ್ಕಿಬಿದ್ದವಳಂತೆ ನೇರ ಮುಂದಕ್ಕೆ ನೋಡುತ್ತಿದ್ದಳು. ನಾವಡರು ಅವಳ ಮೂಗನ್ನು ಬೆರಳುಗಳ ನಡುವೆ ಹಿಡಿದು ಒತ್ತಿ ನೋಡಿದರು, ಲೋಹದ ಅಳತೆಪಟ್ಟಿ ಹಿಡಿದರು.

"ಒಂದೂವರೆ ಮಿಲಿಮೀಟರ್," ಎಂದರು. "ಮೊದಲು ಆರು ಇತ್ತು. ಉಸಿರು?"

"ಚೆನ್ನಾಗಿದೆ."

"ಒತ್ತಲಿಕ್ಕೆ ಹೇಳಿದ್ದೆ. ಒತ್ತುತ್ತಿದ್ದಿರಾ?"

"ಒತ್ತುತ್ತಿದ್ದೆ ಸರ್."

"ಎರಡು ತಿಂಗಳು?"

"ಎರಡು ತಿಂಗಳು."

ಅವರು ಅವಳನ್ನು ಒಂದು ಕ್ಷಣ ನೋಡಿ, ಕಾಗದದ ಮೇಲೆ ಏನನ್ನೋ ಬರೆದರು. ಸುಳ್ಳು ರೀಡಿಂಗ್ ಬರೆದು ತಂದ ಹುಡುಗಿಯರನ್ನು ತಾನೂ ಹೀಗೆಯೇ ನೋಡುತ್ತೇನೆ ಎಂದು ಬರ್ತಾಳಿಗೆ ಹೊಳೆದು ಕಿವಿ ಬಿಸಿಯಾಯಿತು. "ಕೆಲವರಿಗೆ ಹೀಗಾಗ್ತದೆ," ಎಂದರು ನಾವಡರು. "ತುದಿ ಇನ್ನೂ ಮೂರು ತಿಂಗಳು ಸಣ್ಣದಾಗ್ತದೆ. ಮೂಳೆ ಮಾತ್ರ ಮುಗಿಯಿತು, ಗಟ್ಟಿಯಾಗಿ ಕೂತಿದೆ. ಇನ್ನು ಒತ್ತಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಪುನಃ ಒಡೆದು ಕೂರಿಸಬೇಕಾದರೆ ಇನ್ನೊಂದು ಆಪರೇಷನ್, ನಾನು ಹೇಳುವುದಿಲ್ಲ. ಯಾರ ಮುಖವೂ ನೆಟ್ಟಗಿರುವುದಿಲ್ಲಮ್ಮ. ನಿಮ್ಮ ತಂದೆ ಬರಲಿಲ್ಲವಾ ಇವತ್ತು? ಪ್ಲಾಸ್ಟರ್ ತೆಗೆದ ದಿನ ಪಾಪ, ಜಗಲಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, ಯಾವ ಬದಿ, ಎಷ್ಟು ಸಲ, ಎಷ್ಟು ಗಟ್ಟಿಯಾಗಿ ಅಂತ ಎರಡೆರಡು ಸಲ ಕೇಳಿದರು."

ಬಸ್ಸಿಗೆ ಕಾಯುವಾಗ, ಬಸ್ಸಿನಲ್ಲಿ ಕುಳಿತಾಗ, ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವಾಗ, ಅವಳ ತಲೆಯಲ್ಲಿ ಇದ್ದದ್ದು ಆ ಕೊನೆಯ ಮಾತು. ಅವನಿಗೆ ಲೆಕ್ಕ ಗೊತ್ತಿತ್ತು. ಇಪ್ಪತ್ತು ಸಲ, ಎರಡು ತಿಂಗಳು. ಗೊತ್ತಿದ್ದೂ ಮಾರ್ಚಿನಿಂದ ಇವತ್ತಿನವರೆಗೆ ಒಮ್ಮೆಯೂ ನೆನಪಿಸಿರಲಿಲ್ಲ. ಮರೆತಿದ್ದನೇ? ನೆಟ್ಟಗೆ ಕಂಡ ಮೇಲೆ ಅವನ ಕೆಲಸ ಮುಗಿದಿತ್ತೇ? ಒಂದೂವರೆ ಮಿಲಿಮೀಟರ್. ಆರರಿಂದ ಒಂದೂವರೆಗೆ ಬಂದಿತ್ತು. ನಾಲ್ಕರಲ್ಲಿ ಒಂದು ಪಾಲು ಉಳಿದಿತ್ತು. ಅದು ಅವನಿಗೆ ಕಾಣುವಷ್ಟು ದೊಡ್ಡದೂ ಅಲ್ಲ, ಅವಳು ಮರೆಯುವಷ್ಟು ಸಣ್ಣದೂ ಅಲ್ಲ. ಯಾರೂ ಓದಲಾರದ ಅಕ್ಷರದಲ್ಲಿ ಸಾಕ್ಷಿ ಬರೆಸಿಕೊಂಡಂತಾಗಿತ್ತು. ಇನ್ನು ಸಾಯುವವರೆಗೆ ಇದೇ ಮೂಗು. ಅವಳಿಗೆ ಅಳು ಬಂತು, ಆದರೆ ಅತ್ತರೆ ಮೂಗು ಬಾತುಕೊಳ್ಳುತ್ತದೆ, ಅದು ಇಳಿಯಲು ಒಂದು ದಿನ ಬೇಕು ಎಂಬ ಒಂಬತ್ತು ತಿಂಗಳ ಅಭ್ಯಾಸ ಅಳುವನ್ನು ತಡೆಯಿತು.

ಸಂಜೆಯ ತೇರ್ಸನ್ನು ತಾಯಿ ಅವಸರದಲ್ಲಿ ಮುಗಿಸಿದಳು, ಒಲೆಯ ಮೇಲೆ ಗಂಜಿ ಉಕ್ಕುತ್ತಿತ್ತು. ಬೆಸಾಂವ್ ಕೊಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು. ಬರ್ತಾ ಅಪ್ಪನ ಮುಂದೆ ನಿಂತು ಕೈ ಮುಗಿದಳು. "ಬೆಸಾಂವ್ ದಿಯಾ, ಪಪ್ಪಾ."

ಅವನು ಕೊಡಲಿಲ್ಲ. ಗೋಡೆಗೆ ಆತು ನೆಲದ ಮೇಲೆ ಕುಳಿತಿದ್ದವನು ಅವಳ ಪಾದಗಳನ್ನು ನೋಡುತ್ತಾ, "ಡಾಕ್ಟರ್ ಎಂತ ಹೇಳಿದರು?" ಎಂದು ಕೇಳಿದ.

"ಎಲ್ಲ ಸರಿ ಉಂಟಂತೆ."

"ವಾಲಿದ್ದು?"

ಅವಳ ಮುಗಿದ ಕೈ ಮುಗಿದಂತೆಯೇ ಇತ್ತು. "ನಿಮಗೆ ಕಾಣ್ತದಾ?"

"ಮಳೆ ಬರುವ ಮೊದಲಿನಿಂದಲೇ ಕಾಣ್ತದೆ." ಅವನು ಜಪಸರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ನೀನು ಒತ್ತುವುದು ಬಿಟ್ಟದ್ದೂ ಗೊತ್ತು. ವ್ಯಾಲೆಂಟೈನ್ ಬಂದ ದಿನ. ನಾನು ಆ ಪಾಚಿಯ ಮಾತು ಹೇಳಿದೆನಲ್ಲ, ಆಗ ಒಳಗೆ ಪುಸ್ತಕ ಮುಚ್ಚಿದ ಶಬ್ದ ಕೇಳಿತು."

"ಗೊತ್ತಿದ್ದು ಯಾಕೆ ಹೇಳ್ಲಿಲ್ಲ? ಒಂದು ಮಾತು, ಒತ್ತು ಅಂತ."

"ಯಾವ ಬಾಯಲ್ಲಿ ಹೇಳುವುದು?"

ಒಳಗೆ ತಾಯಿ ಗಂಜಿಯ ಪಾತ್ರೆ ಇಳಿಸಿದ ಶಬ್ದವಾಯಿತು. ಅಪ್ಪ ತಲೆ ಎತ್ತಿ ಅವಳ ಮುಖವನ್ನು, ಮುಖದ ನಡುವನ್ನು, ನೋಡಿದ. "ಹೊಡೆದದ್ದು ನಾನು, ಬರ್ತಾ," ಎಂದ. ಎಷ್ಟು ಮೆಲ್ಲಗೆ ಹೇಳಿದನೆಂದರೆ ಅದು ತೇರ್ಸಿನದೇ ಉಳಿದುಹೋದ ಒಂದು ಸಾಲಿನಂತಿತ್ತು. ಅವಳು ಕಾಯ್ದಳು. ಹದಿನೈದು ವರ್ಷ ಬೇಕೆಂದು ಬಯಸಿದ್ದು ಕೈಗೆ ಬಂದಾಗ ಆಗಬೇಕಾದದ್ದು ಏನೋ ಈಗ ಆಗುತ್ತದೆ ಎಂದು ಕಾಯ್ದಳು. ಅಪ್ಪ ನಿಲ್ಲಿಸಲಿಲ್ಲ. ಒಮ್ಮೆ ಶುರುವಾದದ್ದನ್ನು ನಿಲ್ಲಿಸುವುದು ಅವನಿಗೆ ಆಗಲಿಲ್ಲವೋ, ಪಾಪನಿವೇದನೆಯಲ್ಲಿ ಅರ್ಧ ಹೇಳಿದರೆ ಪಾಪ ಕಳೆಯುವುದಿಲ್ಲ ಎಂಬ ಅಭ್ಯಾಸವೋ. "ಟಾರ್ಚು ಕೈಯಲ್ಲಿ ಉಂಟು ಅಂತ ಗೊತ್ತಿತ್ತು. ನಿನಗೆ ಗೊತ್ತಿರಲಿಕ್ಕಿಲ್ಲ. ಎಡಗೈಗೆ ಬದಲಿಸಲಿಕ್ಕೆ ಹೊತ್ತಿತ್ತು. ಬದಲಿಸುವ ಅಂತ ಒಮ್ಮೆ ಯೋಚನೆ ಕೂಡ ಬಂತು. ಬದಲಿಸಲಿಲ್ಲ."

ಗೋಡೆಯ ಮೇಲೆ ಅವನ ನೆರಳು ಅಲುಗಾಡುತ್ತಿತ್ತು. ಇಷ್ಟು ಬೇಕಾಗಿರಲಿಲ್ಲ ಎಂದು ಬರ್ತಾಳಿಗೆ ಅನ್ನಿಸಿತು. ಅವಳು ಕೇಳಿದ್ದು ಒಂದು ಮಾತನ್ನು, ಅವನು ಅದರ ಜೊತೆಗೆ ಅವಳು ಅವನಿಗೆ ಕೊಟ್ಟಿದ್ದ ಒಂದೇ ಒಂದನ್ನೂ ಹಿಂದಕ್ಕೆ ಕೊಟ್ಟಿದ್ದ. ಇನ್ನು ಅವಳ ಬಳಿ ಅವನ ಪರವಾಗಿ ಏನೂ ಇರಲಿಲ್ಲ. ಎದುರು ಕುಳಿತವನು ಅರವತ್ತೆಂಟು ವರ್ಷದ, ಕೆಮ್ಮುವ, ಕೊರಳಿನ ಚರ್ಮ ಜೋತ ಒಬ್ಬ ಗಂಡಸು. ಅವನ ಮೇಲೆ ಕನಿಕರವೂ ಬರುತ್ತಿತ್ತು, ಅದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಗಿತ್ತು.

"ಈಗ ಒತ್ತಿದರೆ ಆಗ್ತದಾ?" ಎಂದು ಅವನು ಕೇಳಿದ. "ಡಾಕ್ಟರ್ ಎಂತಾದರೂ ಹೇಳಿದರಾ? ಇನ್ನೂ ಸಮಯ ಉಂಟಂತಾ?"

ಮೂಳೆ ಗಟ್ಟಿಯಾಗಿ ಕೂತಿದೆ, ಇನ್ನು ಒತ್ತಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ವಾಕ್ಯ ಅವಳ ನಾಲಗೆಯ ಮೇಲೆ ಪೂರ್ತಿಯಾಗಿ ಇತ್ತು.

"ಉಂಟಂತೆ," ಎಂದಳು.

"ನಾನು ಒತ್ತಲಾ?"

ಅವಳು ಅವನ ಮುಂದೆ ಮೊಣಕಾಲೂರಿ ಕುಳಿತಳು. ಅವನು ಬಲಗೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡ. ಕೈ ಬಂದಾಗ ಅವಳ ಕಣ್ಣು ತಾನಾಗಿ ಮುಚ್ಚಿತು, ಕುತ್ತಿಗೆ ಹಿಂದಕ್ಕೆ ಹೋಯಿತು. ಕೈ ಅಲ್ಲೇ ಗಾಳಿಯಲ್ಲಿ ನಿಂತು ಅವಳ ಕುತ್ತಿಗೆ ಮರಳಿ ಬರುವವರೆಗೆ ಕಾಯಿತು. ಹೆಬ್ಬೆರಳು ಮೂಗಿನ ಬಲಗಡೆ ಮೂಳೆಯ ಮೇಲೆ ಸರಿಯಾದ ಜಾಗದಲ್ಲಿ ಕೂತಿತು, ಹುಡುಕಬೇಕಾಗಲಿಲ್ಲ. ಉಳಿದ ನಾಲ್ಕು ಬೆರಳುಗಳು ಎಡಗೆನ್ನೆಯ ಮೇಲೆ ಬಂದವು. ಮೊಗ್ಗಿನ ತೊಟ್ಟು ಹಿಡಿಯುವಷ್ಟು ಹಗುರ.

"ಗಟ್ಟಿಯಾಗಿ," ಎಂದಳು.

"ನೋವಾಗ್ತದೆ."

"ಆಗಲಿ. ಗಟ್ಟಿಯಾಗಿ ಒತ್ತಬೇಕಂತೆ."

ಅವನು ಒತ್ತಿದ. "ಏಕ್, ದೋನ್, ತೀನ್," ಎಂದು ಬಾಯಲ್ಲೇ ಎಣಿಸುತ್ತಿದ್ದ. ಅವಳಿಗೆ ನೋವಾಯಿತು, ಕಣ್ಣಿನಲ್ಲಿ ನೀರು ಬಂತು, ಮೂಳೆ ಕಲ್ಲಿನಂತೆ ಇದ್ದಲ್ಲಿಯೇ ಇತ್ತು. ಹತ್ತು ಆದ ಮೇಲೆ ಅವನು ಕೈ ತೆಗೆದು, ದೀಪದ ಬೆಳಕಿಗೆ ಅವಳ ಗಲ್ಲವನ್ನು ಸ್ವಲ್ಪ ತಿರುಗಿಸಿ, ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ನೋಡಿದ.

"ಸ್ವಲ್ಪ ಸರಿದ ಹಾಗೆ ಕಾಣ್ತದೆ. ಅಲ್ವಾ?"

"ಹೌದು."

"ಇನ್ನೆಷ್ಟು ಸಲ?"

"ಇವತ್ತಿಗೆ ಇನ್ನು ಹತ್ತೊಂಬತ್ತು," ಎಂದು ಬರ್ತಾ ಮುಖವನ್ನು ಅವನ ಹತ್ತಿರಕ್ಕೆ ತಂದಳು.